ಬಿಳಿ ಪೆಟೂನಿಯಾದ ಘಮ

ಫೆಬ್ರುವರಿ 3

ಮೂಗಮ್ಮನಿಗೆ,

ಏನೆಂದು ಕರೆದು ಬರೆಯಲಿ ಎಂದು ಯೋಚಿಸಿ ಯೋಚಿಸಿ ಎರಡು ಹಾಳೆ ಹಾಳು ಮಾಡಿದೆ. ಸೊಸೆ ಎನ್ನುವ ಹಾಗಿಲ್ಲ. ನೀನೂ ನನ್ನ ಮಗನೂ ಬೇರೆಯಾಗಿ ಇದು ನಾಲ್ಕನೇ ವರ್ಷ, ಈ ಮನೆಗೆ ಈಗ ಇನ್ನೊಬ್ಬ ಸೊಸೆ ಬಂದಿದ್ದಾಳೆ. ಮೂಗಮ್ಮ ಮಾತ್ರ ನಾನೇ ಇಟ್ಟ ಹೆಸರು. ಗಾಜಿನ ಮನೆಯ ಆ ತುದಿಯಲ್ಲಿ ಒಂದು ಬೇರು ಕೊಳೆತರೆ ಈ ತುದಿಯಲ್ಲಿ ನಿಂತು ಹೇಳುತ್ತಿದ್ದ ಮೂಗು ನಿನ್ನದು. ಆ ಹೆಸರನ್ನು ಯಾವ ಕೋರ್ಟೂ ನನ್ನಿಂದ ವಾಪಸ್ ಕೇಳಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಎರಡು ಬಿಳಿ ಪೆಟೂನಿಯಾ ನಿನಗೆ ನೆನಪಿರಬೇಕು. ಒಂದು ದೊಡ್ಡಮ್ಮ, ತಟ್ಟೆಯಷ್ಟು ಅಗಲದ ಹೂವು ಬಿಡುವವಳು. ಇನ್ನೊಂದು ಹರಟೆಮಲ್ಲಿ, ಕುಂಡದಿಂದ ಇಳಿದು ಕಂಡಕಂಡವರ ಮನೆಗೆ ಹರಡುವವಳು. ಎರಡಕ್ಕೂ ಯಾವತ್ತೂ ಘಮ ಇದ್ದದ್ದಿಲ್ಲ. ತೂಗುಕುಂಡಕ್ಕೆ ಚೆನ್ನಾಗಿರುತ್ತದೆ ಎಂದು ಕಳೆದ ವರ್ಷ ಎರಡನ್ನೂ ಬೆರೆಸಿ ಬೀಜ ಮಾಡಿದೆ. ಮೊಗ್ಗು ಬಿಡಿಸಿ, ಕೇಸರ ಕಿತ್ತು, ಪರಾಗ ಹಚ್ಚಿ, ಚೀಲ ಕಟ್ಟಿದ್ದು ನಾನೇ, ಬೇರೆ ಯಾರ ಕೈಯೂ ತಾಗಿಲ್ಲ.

ಮೊನ್ನೆ ಆ ಮಕ್ಕಳು ಹೂ ಬಿಟ್ಟವು. ಸಂಜೆ ನೀರು ಬಿಟ್ಟು ಕಿಟಕಿ ಎಳೆಯುತ್ತಿದ್ದೆ, ಯಾರೋ ಸೆಂಟು ಹಾಕಿಕೊಂಡು ಬೆನ್ನ ಹಿಂದೆ ನಿಂತ ಹಾಗಾಯಿತು. ತಿರುಗಿದರೆ ಯಾರೂ ಇಲ್ಲ. ಒಂದೊಂದೇ ಕುಂಡಕ್ಕೆ ಮೂಗು ಇಟ್ಟುಕೊಂಡು ಹೋದೆ. ಎಲ್ಲವೂ ಘಮಘಮ, ಒಳಗೆಲ್ಲೋ ಲವಂಗದ ಸಣ್ಣ ಎಳೆ ಬೇರೆ. ಮಗನನ್ನು ಕರೆದು, "ಮೂಸಿ ನೋಡೋ" ಅಂದೆ. "ಹೂವು ಅಂದ್ಮೇಲೆ ವಾಸನೆ ಇರಲ್ವೇನಮ್ಮ" ಅಂತ ಫೋನು ನೋಡಿಕೊಂಡೇ ಹೋದ. ಬೀಜದ ಏಜೆಂಟ್ ಬಂದಿದ್ದಾಗ ಕೇಳಿದೆ. "ಎಲ್ಲೋ ಬೀಜ ಕಲಸಿಹೋಗಿರತ್ತೆ ಬಿಡಿ ಅಮ್ಮ" ಎಂದ. ನನ್ನ ಬೀಜ ಕಲಸಿಹೋಗುವುದಿಲ್ಲ.

ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ, ಮಕ್ಕಳಿಗೆ ಎಲ್ಲಿಂದ ಬಂತು? ಕೇಳಲು ನನಗೆ ನಿನ್ನನ್ನು ಬಿಟ್ಟು ಯಾರೂ ಇಲ್ಲ. ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಇಂತಿ,
ಗಾಜಿನ ಮನೆಯ ಮುದುಕಿ

*

ಫೆಬ್ರುವರಿ 19

ಅತ್ತೆಗೆ ನಮಸ್ಕಾರ.

ನನಗೆ ಬೇರೆ ಯಾವ ಪದವೂ ಬಾಯಿಗೆ ಬರಲಿಲ್ಲ, ಹಾಗಾಗಿ ಅತ್ತೆ ಎಂದೇ ಬರೆಯುತ್ತಿದ್ದೇನೆ. ನಿಮ್ಮ ಅಕ್ಷರ ನೋಡಿ ಲಕೋಟೆಯನ್ನು ಸ್ವಲ್ಪ ಹೊತ್ತು ಒಡೆಯಲಿಲ್ಲ. ಏನೋ ಕೆಟ್ಟ ಸುದ್ದಿ ಇರಬಹುದು ಅಂದುಕೊಂಡೆ. ಒಳಗೆ ಪೆಟೂನಿಯಾ ಇತ್ತು.

ನಿಮ್ಮ ಬೀಜ ಕಲಸಿಹೋಗಿಲ್ಲ. ಏಜೆಂಟ್ ಇನ್ನೊಮ್ಮೆ ಬಂದರೆ ಹೀಗೆ ಹೇಳಿ. ಘಮ ಎನ್ನುವುದು ಹೂವಿನೊಳಗೆ ತುಂಬಿಟ್ಟ ವಸ್ತುವಲ್ಲ, ದಿನಾ ಸಂಜೆ ದಳದಲ್ಲೇ ತಯಾರಾಗುತ್ತದೆ. ಗಿಡದ ಸಾಮಾನ್ಯ ಆಹಾರದ ಒಂದು ಅಂಶವನ್ನು ಒಂದು ಕಿಣ್ವ ತೆಗೆದುಕೊಂಡು ಸ್ವಲ್ಪ ಬದಲಿಸಿ ಮುಂದಿನದಕ್ಕೆ ಕೊಡುತ್ತದೆ, ಅದು ಇನ್ನಷ್ಟು ಬದಲಿಸಿ ಅದರ ಮುಂದಿನದಕ್ಕೆ. ಸಾಲಾಗಿ ಕೂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವ ಹಾಗೆ. ಕೊನೆಯಲ್ಲಿ ಗಾಳಿಗೆ ಹಾರುವಷ್ಟು ಹಗುರವಾದ ವಸ್ತುಗಳು ಹೊರಬರುತ್ತವೆ. ನಿಮಗೆ ಸಿಕ್ಕ ಲವಂಗದ ಎಳೆ ಅದರಲ್ಲೊಂದು, ಲವಂಗದಲ್ಲಿರುವುದೂ ಅದೇ. ಒಂದೊಂದು ಕಿಣ್ವಕ್ಕೂ ಒಂದೊಂದು ಜೀನ್. ಇವರನ್ನೆಲ್ಲ ಕತ್ತಲಾಗುವ ಹೊತ್ತಿಗೆ ಕೆಲಸಕ್ಕೆ ಕರೆಯಲು ಇನ್ನೊಂದು ಜೀನ್ ಇದೆ, ಮೇಸ್ತ್ರಿಯ ಹಾಗೆ.

ನನ್ನ ಊಹೆ ಇಷ್ಟು: ನಿಮ್ಮ ಎರಡು ತಳಿಗಳಲ್ಲಿ ಒಂದಕ್ಕೆ ಮೇಸ್ತ್ರಿ ಇಲ್ಲ, ಇನ್ನೊಂದಕ್ಕೆ ಸಾಲಿನ ಮಧ್ಯದ ಒಬ್ಬ ಆಳು ಇಲ್ಲ. ಎರಡರ ಕೊರತೆಯೂ ಒಂದೇ ಆಗಿದ್ದರೆ ಮಕ್ಕಳಿಗೂ ಘಮ ಇರುತ್ತಿರಲಿಲ್ಲ. ಕೊರತೆ ಬೇರೆಬೇರೆಯಾದ್ದರಿಂದ ಅಮ್ಮನಿಂದ ಆಳು ಬಂದ, ಅಪ್ಪನಿಂದ ಮೇಸ್ತ್ರಿ ಬಂದ, ಕೆಲಸ ಶುರುವಾಯಿತು.

ನಮ್ಮ ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿ ನೋಡಬಹುದು. ದೊಡ್ಡಮ್ಮ, ಹರಟೆಮಲ್ಲಿ, ಮಕ್ಕಳು, ಮೂವರ ಎಳೆಯ ಎಲೆ ಒಂದೆರಡು ಒಣಗಿಸಿ ಕಾಗದದಲ್ಲಿ ಸುತ್ತಿ ಕಳಿಸಿ. ಹೆಸರು ಬರೆಯುವುದನ್ನು ಮರೆಯಬೇಡಿ ಎಂದು ನಿಮಗೆ ಹೇಳಿದರೆ ಬೈಸಿಕೊಳ್ಳುತ್ತೇನೆ.

ನಿಮ್ಮ
ಮೂಗಮ್ಮ

*

ಮಾರ್ಚ್ 12

ಮೂಗಮ್ಮ,

ಎಲೆಗಳು ಇದರ ಜೊತೆ ಇವೆ. ಹೆಸರು ಬರೆದಿದ್ದೇನೆ. ಬೈದೂ ಇದ್ದೇನೆ.

ನಿನ್ನ ಮೇಸ್ತ್ರಿಯ ಕಥೆ ಓದಿ ಒಬ್ಬಳೇ ನಕ್ಕೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಹೂವು ಸಂಜೆಯೇ ಯಾಕೆ ಘಮಗುಡುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಈಗ ದಿನಾ ಕತ್ತಲಾಗುವ ಹೊತ್ತಿಗೆ ಸ್ಟೂಲು ಹಾಕಿಕೊಂಡು ಆ ಕುಂಡಗಳ ನಡುವೆ ಕೂರುತ್ತೇನೆ. ಮೊದಲು ಏನೂ ಇರುವುದಿಲ್ಲ. ಆಮೇಲೆ ಸ್ವಲ್ಪ ಬರುತ್ತದೆ, ಹೋಗುತ್ತದೆ. ನಿಜವಾಗಿ ಬಂತೋ, ನನಗೆ ಹಾಗನ್ನಿಸಿತೋ ಎಂದು ಅನುಮಾನ. ಅಷ್ಟರಲ್ಲಿ ಇಡೀ ಗಾಜಿನ ಮನೆ ತುಂಬಿರುತ್ತದೆ. ನೀನು ಇಲ್ಲಿ ಇದ್ದಿದ್ದರೆ ಎಂದು ಅನ್ನಿಸುತ್ತದೆ. ಅನ್ನಿಸಿದ್ದನ್ನು ಬರೆದೆ, ಅಷ್ಟೇ.

ಒಂದು ತೊಂದರೆ ಇದೆ. ಗಾಜಿನ ಮನೆಯ ಗೋಡೆಗೇ ಅಡುಗೆಮನೆ ಅಂಟಿಕೊಂಡಿರುವುದು ನಿನಗೆ ಗೊತ್ತು. ಈಗ ಮನೆಯಲ್ಲಿರುವ ಹುಡುಗಿಗೆ ಈ ಘಮ ಆಗಿಬರುತ್ತಿಲ್ಲ. ಸಂಜೆಯಾದರೆ ತಟ್ಟೆ ಬಿಟ್ಟು ಎದ್ದು ಓಡುತ್ತಾಳೆ. ಪಾಪ, "ಏನಿಲ್ಲ ಅತ್ತೆ, ನಂಗೇ ಹಸಿವಿಲ್ಲ" ಅನ್ನುತ್ತಾಳೆ. ಒಳ್ಳೆಯವಳು. ಯಾಕೆ ಹಾಗಾಗುತ್ತಿದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೇಳಲು ನನಗೂ ಕೈ ಬರುತ್ತಿಲ್ಲ. ಮಗ, "ಅಮ್ಮ, ಅದನ್ನೆಲ್ಲಾ ತೆಗೆಸಿಬಿಡೋಣ್ವಾ" ಎಂದು ಆಗಲೇ ಎರಡು ಸಲ ಕೇಳಿದ. ಬೀಜ ಕಟ್ಟುವವರೆಗೆ ತಡಿ ಎಂದಿದ್ದೇನೆ.

ನಿನಗೆ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ.

ಅತ್ತೆ

*

ಏಪ್ರಿಲ್ 2

ಅತ್ತೆಗೆ,

ಫಲಿತಾಂಶ ಬಂತು. ಊಹೆ ಸರಿಯಾಗಿತ್ತು. ದೊಡ್ಡಮ್ಮನಲ್ಲಿ ಆಳುಗಳೆಲ್ಲ ಇದ್ದಾರೆ, ಮೇಸ್ತ್ರಿಯ ಜೀನ್ ಮುರಿದುಹೋಗಿದೆ. ಹರಟೆಮಲ್ಲಿಯಲ್ಲಿ ಮೇಸ್ತ್ರಿ ದಿನಾ ಸಂಜೆ ಬಂದು ಕೂಗುತ್ತಾನೆ, ಮಧ್ಯದ ಒಂದು ಕಿಣ್ವದ ಜೀನಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಒಂದೇ ಒಂದು ಅಕ್ಷರ. ಅಲ್ಲಿಂದ ಮುಂದೆ ಓದಿದ್ದೆಲ್ಲ ತಪ್ಪು.

ನನ್ನ ಜೊತೆ ಕೆಲಸ ಮಾಡುವವರು, ಘಮವನ್ನು ತೆಗೆದುಹಾಕಿದ್ದು ಯಾರು ಎಂದು ಕೇಳಿದರು. ಯಾರೂ ತೆಗೆದುಹಾಕಲಿಲ್ಲ ಅಂದೆ. ದೊಡ್ಡ ಹೂವು ಬೇಕೆಂದು ಆರಿಸಿದರು, ಲಾರಿಯಲ್ಲಿ ಬಾಡದ ಹೂವು ಬೇಕೆಂದು ಆರಿಸಿದರು. ಆ ದಾರಿಯಲ್ಲಿ ಯಾವುದೋ ಒಂದು ವರ್ಷ ಒಂದು ಅಕ್ಷರ ಬಿದ್ದುಹೋಯಿತು. ಹೂವು ಚೆನ್ನಾಗಿಯೇ ಇತ್ತು, ಮಾರಾಟವೂ ಆಯಿತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ನೀವು ನೆನಪಿಡಬೇಕಾದದ್ದು ಒಂದೇ. ಈಗ ಘಮಗುಡುವ ಗಿಡಗಳ ಬೀಜ ಬಿತ್ತಿದರೆ ಕೆಲವಕ್ಕೆ ಘಮ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಆದರೆ ಘಮವಿಲ್ಲದ ಆ ಇಬ್ಬರು, ದೊಡ್ಡಮ್ಮ ಮತ್ತು ಹರಟೆಮಲ್ಲಿ, ಇರುವವರೆಗೆ ಬೇಕಾದಾಗ ಮತ್ತೆ ಬೆರೆಸಬಹುದು, ಹುಟ್ಟಿದ ಮಕ್ಕಳೆಲ್ಲ ಘಮಗುಡುತ್ತವೆ. ಅವರಿಬ್ಬರನ್ನು ಕಳೆದುಕೊಳ್ಳಬೇಡಿ.

ಮನೆಯಲ್ಲಿರುವವರ ವಿಷಯ. ಕುಂಡಗಳನ್ನು ಅಡುಗೆಮನೆಯಿಂದ ದೂರದ ತುದಿಗೆ ಸಾಗಿಸಿ. ಆ ಕಡೆಯ ಕಿಟಕಿ ತೆರೆದು, ಅಡುಗೆಮನೆ ಕಡೆಯದನ್ನು ಬೆಳಕಿರುವಾಗಲೇ ಮುಚ್ಚಿಬಿಡಿ. ಅವರ ಊಟ ಸಂಜೆಗೆ ಮುಂಚೆಯೇ ಆಗಲಿ. ಸಾಮಾನ್ಯವಾಗಿ ಮೂರು ತಿಂಗಳು ಕಳೆದರೆ ಕಡಿಮೆಯಾಗುತ್ತದಂತೆ. ನನಗೂ ಆಗ ಪೆಟೂನಿಯಾದ ಘಮವೇ ಆಗುತ್ತಿರಲಿಲ್ಲ.

ಅವರಿಗೆ ಒಳ್ಳೆಯದಾಗಲಿ.

ಮೂಗಮ್ಮ

*

ಮೇ 21

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ನಿನ್ನ ಕಾಗದದ 'ನನಗೂ ಆಗುತ್ತಿರಲಿಲ್ಲ' ಎಂಬ ಸಾಲು ಎದುರಿಗೆ ಬಂದು ಕೂರುತ್ತಿತ್ತು.

ಅದು ಬಂದ ದಿನ ನಡೆದದ್ದು ಹೇಳುತ್ತೇನೆ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮಗ ಆ ಘಮದ ಗಿಡಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದ. ಒಂದನ್ನೂ ಬಿಟ್ಟಿರಲಿಲ್ಲ. ಹೂವುಗಳು ಇನ್ನೂ ಬಾಡಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿ ಆಗ ತಾನೇ ಅಂಚೆಯವನು ಕೊಟ್ಟ ನಿನ್ನ ಲಕೋಟೆ. ಕೇಳಿಯೇ ಬಿಡೋಣ ಎಂದು ಒಳಗೆ ಹೊರಟವಳು, ಅವನ ಎದುರಿಗೆ ಹಿಡಿಯಲು ವಿಜ್ಞಾನದ ಮಾತೇನಾದರೂ ಸಿಗಬಹುದು ಎಂದು ಹೊಸ್ತಿಲಲ್ಲೇ ನಿಂತು ಓದಿದೆ.

ಓದಿ ಮುಗಿಸಿ ಅಲ್ಲೇ ಕೂತೆ. ಮಗ ಬಂದು, "ಬೈಯ್ಯೋದಿದ್ರೆ ಬೈದುಬಿಡಮ್ಮ. ಅವಳು ಮೂರು ದಿನದಿಂದ ಏನೂ ತಿಂದಿಲ್ಲ, ನಂಗೆ ನೋಡಕ್ಕಾಗ್ಲಿಲ್ಲ" ಎಂದ. ನಾನು, "ಒಳ್ಳೆ ಕೆಲಸ ಮಾಡಿದೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ನನ್ನ ಮುಖವನ್ನೇ ನೋಡಿದ.

ನೀನು ಇಲ್ಲಿದ್ದಾಗ ಒಂದು ವರ್ಷ ಗಾಜಿನ ಮನೆಯ ಬಾಗಿಲಲ್ಲಿ ಹಳೆಯ ನೇರಳೆ ಪೆಟೂನಿಯಾ ಇತ್ತು. ಸಂಜೆ ಆ ಬಾಗಿಲು ದಾಟಬೇಕಾದರೆ ಘಮದೊಳಗೆ ಮುಳುಗಿ ಏಳಬೇಕಿತ್ತು. ಅಲ್ಲಿಯವರೆಗೆ ದಿನಾ ನನ್ನ ಹಿಂದೆಯೇ ಇರುತ್ತಿದ್ದವಳು ನೀನು, ಇದ್ದಕ್ಕಿದ್ದ ಹಾಗೆ ಸಂಜೆ ಬರುವುದನ್ನೇ ಬಿಟ್ಟೆ. ಆಗ ತಾನೇ ನಿನಗೆ ಪ್ರಯೋಗಾಲಯದ ಕೆಲಸ ಸಿಕ್ಕಿತ್ತು. ಒಂದು ದಿನ ಊಟಕ್ಕೆ ಕೂತಾಗ ನಾನು, "ಓದಿದೋರಿಗೆ ಇನ್ನು ಮಣ್ಣು ಯಾಕೆ ಬೇಕು" ಅಂದೆ. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅದಾದ ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ತುಂಬ ಮರ್ಯಾದೆ ಕೊಟ್ಟು ಮಾತಾಡತೊಡಗಿದೆವು.

ನನಗೆ ಯಾರೂ ಹೇಳಲಿಲ್ಲ. ಹೇಳಲಿಲ್ಲ ಎನ್ನುವುದು ದೂರಲ್ಲ. ನಾಲ್ಕಾರು ಬಸುರಿಯರನ್ನು ನೋಡಿದ ಹೆಂಗಸು ನಾನು, ಹೇಳದೆಯೂ ತಿಳಿಯಬೇಕಿತ್ತು. ಎಲೆಯ ಬಣ್ಣ ಸ್ವಲ್ಪ ತಿರುಗಿದರೆ ಗಿಡಕ್ಕೆ ಏನಾಗಿದೆ ಎಂದು ಹೇಳುತ್ತೇನೆ.

ಆ ದಿನಗಳ ಬಗ್ಗೆ ಬರೆಯುವುದಾದರೆ ಬರಿ. ಇಲ್ಲದಿದ್ದರೆ ಪೆಟೂನಿಯಾದ ವಿಷಯವನ್ನಾದರೂ ಬರಿ.

ಅತ್ತೆ

*

ಜೂನ್ 16

ಅತ್ತೆಗೆ,

ಆ ಸಾಲು ಬರೆದು ಲಕೋಟೆ ಅಂಟಿಸಿದ ಮೇಲೆ ಒಡೆದು ತೆಗೆದುಬಿಡಲೇ ಎಂದು ಯೋಚಿಸಿದೆ. ಆಗಲೇ ಅಂಚೆಯ ಹೊತ್ತಾಗಿತ್ತು. ಈಗ ತೆಗೆಯದೆ ಇದ್ದದ್ದೇ ಒಳ್ಳೆಯದಾಯಿತೋ ಏನೋ.

ಮೂರು ತಿಂಗಳು ತುಂಬಲಿ, ಆಮೇಲೆ ನಿಮಗೆ ಹೇಳೋಣ ಎಂದು ನಾವಿಬ್ಬರೂ ಸೇರಿಯೇ ತೀರ್ಮಾನಿಸಿದ್ದೆವು. ತುಂಬುವ ಮುಂಚೆಯೇ ಹೋಯಿತು. ನಾನು ತರಬೇತಿಗೆಂದು ಬೇರೆ ಊರಿಗೆ ಹೋದ ವಾರ ನಿಮಗೆ ನೆನಪಿರಬಹುದು. ನಿಮ್ಮ ಮಗ ಅಲ್ಲಿಗೆ ಬಂದಿದ್ದರು, ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ಮಲಗಿದ್ದರು. ಅದನ್ನು ನೀವು ಅವರ ಲೆಕ್ಕಕ್ಕೆ ಸೇರಿಸಬೇಕು. ವಾಪಸ್ ಬಂದ ಮೇಲೆ ಹೇಳಲು ಏನೂ ಉಳಿದಿರಲಿಲ್ಲ. ಇಲ್ಲದ್ದನ್ನು ಹೇಗೆ ಹೇಳುವುದು ಎಂದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಆಮೇಲೆ ಬೇರೆ ಮಾತುಗಳೂ ಒಂದೊಂದಾಗಿ ನಿಂತುಹೋದವು.

ಗಾಜಿನ ಮನೆಯ ಬಾಗಿಲಿಗೆ ಒಂದು ಸಂಜೆ ಬಂದಿದ್ದೆ. ನೀವು ಬೆನ್ನು ಮಾಡಿಕೊಂಡು ಬೀಜ ಸೋಸುತ್ತಿದ್ದಿರಿ. ತಿರುಗಿದರೆ ಹೇಳಿಬಿಡೋಣ ಅಂದುಕೊಂಡೆ. ಬೀಜ ಸೋಸುವಾಗ ನೀವು ಮನೆಗೆ ಬೆಂಕಿ ಬಿದ್ದರೂ ತಿರುಗುವವರಲ್ಲ, ಅದು ನನಗೆ ಗೊತ್ತಿರಬೇಕಿತ್ತು.

ಗಿಡಗಳು ಹೋದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಹಳೆಯ ಇಬ್ಬರು ಇದ್ದಾರೆ ತಾನೇ?

ಮೂಗಮ್ಮ

*

ಆಗಸ್ಟ್ 8

ಮಗಳೇ,

ಇಬ್ಬರೂ ಇದ್ದಾರೆ. ಘಮವಿಲ್ಲದವು, ಯಾರಿಗೂ ತೊಂದರೆಯಿಲ್ಲ ಎಂದು ಮಗ ಅವನ್ನು ಮುಟ್ಟಿರಲಿಲ್ಲ. ಈ ಪೊಟ್ಟಣಗಳಲ್ಲಿ ಅವರ ಬೀಜ ಇದೆ. ಕೆಂಪು ದಾರದ್ದು ದೊಡ್ಡಮ್ಮ, ಬಿಳಿ ದಾರದ್ದು ಹರಟೆಮಲ್ಲಿ. ಒಂದೊಂದರಲ್ಲೂ ಒಂದು ಹೊಲಕ್ಕಾಗುವಷ್ಟಿದೆ, ಬೀಜ ಧೂಳಿನಂತಿರುವುದರಿಂದ ಕಮ್ಮಿ ಎಂದು ಕಾಣುತ್ತದೆ. ಪೊಟ್ಟಣ ಬಿಚ್ಚುವಾಗ ಸೀನಬೇಡ.

ಬೆರೆಸುವ ಕೆಲಸ ನೀನು ಮಾಡು. ನಾನು ಇಲ್ಲಿ ಮಾಡುವುದಿಲ್ಲ. ಇವಳಿಗೆ ಈಗಲೂ ಸಂಕಟ ಪೂರ್ತಿ ನಿಂತಿಲ್ಲ, ಹೆರಿಗೆಗೆ ಎರಡು ತಿಂಗಳಿದೆ.

ಇನ್ನೊಂದು ಮಾತು, ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಹೋದ ವಾರ ನಿನ್ನ ಕಾಗದ ಮೇಜಿನ ಮೇಲಿತ್ತು. "ಯಾರ ಕಾಗದ ಅತ್ತೆ" ಎಂದು ಅವಳು ಕೇಳಿದಳು. "ಬೀಜದ ಕಂಪನಿಯದು" ಅಂದೆ. ನಂಬಿದಳು. ಅವಳು ಹೇಳಿದ್ದನ್ನೆಲ್ಲ ನಂಬುವ ಹುಡುಗಿ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ಸಲ ಮನೆಯಲ್ಲಿದ್ದವಳನ್ನು ನೋಡದೆ ಗಿಡ ನೋಡಿದೆ. ಈ ಸಲ ಮನೆಯಲ್ಲಿರುವವಳನ್ನು ನೋಡಬೇಕು. ಮಗು ಬರುವವರೆಗೆ ನೀನು ಬರೆಯಬೇಡ. ಮಗು ಬಂದ ಮೇಲೆ ನಾನೇ ಅವಳಿಗೆ ಎಲ್ಲ ಹೇಳಿ, ಅವಳ ಎದುರಿಗೇ ಕೂತು ನಿನಗೆ ಬರೆಯುತ್ತೇನೆ.

ತಪ್ಪು ತಿಳಿಯಬೇಡ. ತಿಳಿದರೂ ಅದನ್ನು ಆಗ ಬರಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಅತ್ತೆ

*

ಏಪ್ರಿಲ್ 6

ಅಕ್ಕನವರಿಗೆ ನಮಸ್ಕಾರ.

ನಾನು ನಿಮ್ಮ ಅತ್ತೆಯ ಈಗಿನ ಸೊಸೆ. ನಾವು ಯಾವತ್ತೂ ಮಾತಾಡಿಲ್ಲ. ನಿಮ್ಮ ವಿಳಾಸವನ್ನು ನಮ್ಮ ಮನೆಯವರೇ ಕೊಟ್ಟರು.

ಅತ್ತೆಗೆ ಫೆಬ್ರುವರಿಯಲ್ಲಿ ಲಕ್ವ ಹೊಡೆಯಿತು. ಬಲಗೈ ಏಳುತ್ತಿಲ್ಲ, ಮಾತು ಹೋಗಿದೆ. ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಅಕ್ಟೋಬರಿನಲ್ಲಿ ನನಗೆ ಮಗಳು ಹುಟ್ಟಿದಳು. ಅವಳಿಗೆ ಮೊದಲ ತಿಂಗಳು ಜೀವ ನಿಲ್ಲುವುದೇ ಕಷ್ಟವಾಗಿತ್ತು. ಅತ್ತೆ ಹಗಲು ರಾತ್ರಿ ನನ್ನ ಜೊತೆಗಿದ್ದರು, ಗಾಜಿನ ಮನೆಯ ಕಡೆ ತಲೆ ಹಾಕಲಿಲ್ಲ. "ಸ್ವಲ್ಪ ಸುಧಾರಿಸಿಕೋ, ನಿನಗೊಂದು ವಿಷಯ ಹೇಳೋದಿದೆ" ಎನ್ನುತ್ತಿದ್ದರು. ನಾನು ಸುಧಾರಿಸಿಕೊಂಡೆ. ಆಗ ಅವರು ಬಿದ್ದರು.

ಈಗ ಬಾಗಿಲ ಸದ್ದಾದರೆ ಆ ಕಡೆ ನೋಡಿ ಒಂದೇ ಪದ ಹೇಳಲು ಒದ್ದಾಡುತ್ತಾರೆ. ಬಹಳ ದಿನ ನಮಗೆ ಅರ್ಥವಾಗಲಿಲ್ಲ. "ಮೂಗು ನೋಯ್ತಿದ್ಯಾ ಅತ್ತೆ" ಎಂದು ನಾನು ಕೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಬಿಡುತ್ತಿದ್ದರು. ಮೊನ್ನೆ ಇವರು ಹತ್ತಿರದಲ್ಲೇ ಇದ್ದರು. ಕೇಳಿ ಹೊರಗೆ ಹೋಗಿ ನಿಂತುಬಿಟ್ಟರು. ಆಮೇಲೆ ನನಗೆ ಎಲ್ಲ ಹೇಳಿದರು. ನಿಮ್ಮ ಆಸ್ಪತ್ರೆಯ ವಿಷಯವನ್ನೂ ಹೇಳಿದರು. ಅತ್ತೆಯ ಬೀಜದ ಪೆಟ್ಟಿಗೆಯಲ್ಲಿ ನಿಮ್ಮ ಕಾಗದಗಳು ಸಿಕ್ಕವು, ಜೂನಿನ ನಂತರದ್ದು ಒಂದೂ ಇರಲಿಲ್ಲ, ಯಾಕೆಂದು ಆಗ ತಿಳಿಯಿತು.

ಅಕ್ಕ, ನನಗಾಗಿ ಯಾರೂ ಕಾಗದ ನಿಲ್ಲಿಸಬೇಕಿರಲಿಲ್ಲ. ಕೇಳಿದ್ದರೆ ಹಾಗೆಂದೇ ಹೇಳುತ್ತಿದ್ದೆ. ನೀವು ಬರೆಯಿರಿ. ಬಂದು ಹೋಗಿ ಎನ್ನಲು ನನಗೆ ಧೈರ್ಯವಿಲ್ಲ, ನಿಮಗೆ ಇಲ್ಲಿಗೆ ಬರುವುದು ಹೇಗಿರುತ್ತದೋ ಗೊತ್ತಿಲ್ಲ. ಕಾಗದ ಬಂದರೆ ನಾನು ಅವರಿಗೆ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ತಂಗಿಯ ಹಾಗೆ ಒಬ್ಬಳು

*

ಏಪ್ರಿಲ್ 17

ಅತ್ತೆಗೆ,

ಅಕ್ಟೋಬರ್ ಕಳೆದ ಮೇಲೂ ನಿಮ್ಮಿಂದ ಕಾಗದ ಬರಲಿಲ್ಲ. ಮಗು ಬಂತು, ಮನೆ ತುಂಬಿತು, ಹಳೆಯದು ಬೇಡವಾಯಿತು ಎಂದು ನಾನೇ ಅರ್ಥ ಮಾಡಿಕೊಂಡು ಸುಮ್ಮನಿದ್ದೆ. ಒಂದು ಫೋನು ಮಾಡಬಹುದಿತ್ತು. ತಪ್ಪು ತಿಳಿದರೆ ಬರಿ ಎಂದಿದ್ದಿರಿ, ಬರೆಯುತ್ತಿದ್ದೇನೆ. ಬೈಯುವುದು ನಿಮ್ಮ ಕಣ್ಣಿನಲ್ಲೇ ಆಗಲಿ.

ಬರುವ ವಾರದ ಭಾನುವಾರ ಬಸ್ಸು ಹತ್ತುತ್ತೇನೆ. ನೀವು ಮಾತಾಡಬೇಕಿಲ್ಲ. ನಾನು ಬಂದು ಕೂರುತ್ತೇನೆ.

ಈಗ ಗಿಡದ ಮಾತು. ನಿಮ್ಮ ಇಬ್ಬರನ್ನೂ ನಮ್ಮ ಸಂಶೋಧನಾಲಯದ ಹಿಂದಿನ ಪುಟ್ಟ ಗಾಜಿನ ಕೋಣೆಯಲ್ಲಿ ಬೆಳೆಸಿದೆ. ದೊಡ್ಡಮ್ಮನ ಮೊದಲ ಮೊಗ್ಗನ್ನು ನನ್ನ ದಪ್ಪ ಬೆರಳಿನಿಂದ ಮುರಿದೇಬಿಟ್ಟೆ. ನೀವಿದ್ದಿದ್ದರೆ ಇಕ್ಕಳ ಕಿತ್ತುಕೊಂಡು ಪಕ್ಕಕ್ಕೆ ನಿಲ್ಲಿಸುತ್ತಿದ್ದಿರಿ. ಎರಡನೆಯದು ಬೀಜ ಕಟ್ಟಿತು. ಮಕ್ಕಳು ಹೋದ ವಾರ ಹೂ ಬಿಟ್ಟವು. ಎಲ್ಲರೂ ಹೊರಟ ಮೇಲೆ ಸಂಜೆ ಅಲ್ಲೇ ಕೂತಿದ್ದೆ. ಘಮ ಬಂದಾಗ ನನಗೆ ಹೆದರಿಕೆಯಾಯಿತು, ಹೊಟ್ಟೆ ತೊಳಸುತ್ತದೆ ಎಂದುಕೊಂಡೆ. ಏನೂ ಆಗಲಿಲ್ಲ. ತುಂಬ ಚೆನ್ನಾಗಿದೆ, ಅತ್ತೆ. ಇಷ್ಟು ಚೆನ್ನಾಗಿರುತ್ತದೆ ಎಂದು ಮರೆತೇಹೋಗಿತ್ತು. ಉಪಕರಣದಲ್ಲೂ ಅಳೆದೆ. ಏನೇನಿದೆ, ಎಷ್ಟೆಷ್ಟಿದೆ ಎಂದು ಅದು ಹೇಳಿತು. ನಿಮ್ಮ ಕುಂಡಗಳಲ್ಲಿ ಬಂದ ಘಮವೂ ಇದೇನಾ ಎಂದು ನಿಮ್ಮನ್ನು ಕೇಳಬೇಕಿತ್ತು, ಅದಕ್ಕೆ ಉಪಕರಣವಿಲ್ಲ.

ತಂಗೀ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ, ಇದು ನಿನಗೆ.

ನೀನು ಕಾಗದ ಬರೆದದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಇನ್ನೊಬ್ಬರಿಗೆ ನೋವಾಗದಿರಲಿ ಎಂದು ಬಾಯಿ ಮುಚ್ಚಿಕೊಳ್ಳುವವರು. ಅತ್ತೆ ಕೇಳಲಿ ಎಂದು ನಾನು ಕಾದೆ, ನಾನು ಹೇಳಲಿ ಎಂದು ಅವರು ಕಾದರು. ಅಷ್ಟರಲ್ಲಿ ಒಂದು ಸಂಸಾರವೇ ಮುಗಿದುಹೋಯಿತು. ಅವರು ಈಗ ಬಾಯಿಬಿಟ್ಟು ಏನನ್ನೂ ಕೇಳಲಾರರು. ಆದ್ದರಿಂದ ನೀನು ಕಾಯಬೇಡ. ಬೇಜಾರಾದರೆ, ಸಂಕಟವಾದರೆ, ಅವರ ಹಾಸಿಗೆಯ ಪಕ್ಕ ಕೂತು ಹೇಳು, ನಿನ್ನ ಗಂಡನಿಗೂ ಹೇಳು. ನಾನು ಬರುವುದು ನಿನಗೆ ಕಷ್ಟವಾದರೆ ಅದನ್ನೂ ಮುಖಕ್ಕೆ ಹೇಳಿಬಿಡು, ಬಾಗಿಲಿಂದಲೇ ನೋಡಿ ಹೋಗುತ್ತೇನೆ.

ಗಿಡ ತರುತ್ತಿಲ್ಲ. ಮಗುವಿನ ಮನೆ, ಅವಳಿಗೆ ಆಗುತ್ತದೋ ಇಲ್ಲವೋ. ನೀನು ಬೇಕು ಎಂದರೆ ಮುಂದಿನ ಸಲ ತರುತ್ತೇನೆ.

ನಿನ್ನ
ಅಕ್ಕ